ಮಗನಿಗೆ ಕೈ–ಕಾಲು–ಬಾಯಿ ರೋಗವಂತೆ, ಹಸುವಿನಿಂದ ಬಂತೇ?

ಪ್ರಶ್ನೆ: ನಾವು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವರು. ಮನೆಯಲ್ಲಿ ಹಸುಗಳಿವೆ, ಡೇರಿಗೆ ಹಾಲು ಹಾಕುತ್ತೇವೆ. ಮಗನಿಗೆ ಮೂರು ವರ್ಷ ತುಂಬಿದೆ, ತೂಕ 13 ಕಿಲೋ, ಅಂಗನವಾಡಿಗೆ ಹೋಗುತ್ತಾನೆ. ಮೂರು ದಿನದ ಹಿಂದೆ ಜ್ವರ ಬಂತು. ಮರುದಿನ ಬಾಯೊಳಗೆ ಹುಣ್ಣು, ಅಂಗೈ, ಅಂಗಾಲು, ಮೊಣಕಾಲು, ಪೃಷ್ಠದ ಮೇಲೆ ಕೆಂಪು ಗುಳ್ಳೆಗಳು ಎದ್ದವು. ಮೊದಲು ತೋರಿಸಿದ ಡಾಕ್ಟರು ಆ್ಯಂಟಿಬಯಾಟಿಕ್ ಸಿರಪ್ ಕೊಟ್ಟರು. ಆಮೇಲೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿದ ಕೂಡಲೇ ‘ಕೈ–ಕಾಲು–ಬಾಯಿ ರೋಗ, ವೈರಸ್‌ನಿಂದ ಬಂದದ್ದು, ತಾನಾಗಿಯೇ ವಾಸಿಯಾಗುತ್ತದೆ’ ಎಂದು ಪ್ಯಾರಾಸಿಟಮಾಲ್ ಮಾತ್ರ ಬರೆದರು. ರಕ್ತ ಪರೀಕ್ಷೆಯನ್ನೂ ಮಾಡಿಸಲಿಲ್ಲ. ನಮ್ಮ ಯಜಮಾನರು ‘ಇದು ಹಸುವಿಗೆ ಬರುವ ಕಾಲುಬಾಯಿ ಜ್ವರವೇ’ ಎನ್ನುತ್ತಾರೆ. ಅತ್ತೆಯವರು ‘ಅಮ್ಮ ಬಂದಿದೆ, ಔಷಧಿ ಬೇಡ, ಸ್ನಾನ ಬೇಡ’ ಎನ್ನುತ್ತಾರೆ. ಮೊಬೈಲ್‌ನಲ್ಲಿ ‘ಟೊಮೆಟೊ ಜ್ವರ’ ಎಂಬ ಹೊಸ ವೈರಸ್ ಎಂದು ಸಂದೇಶ ಬಂದಿದೆ. ಎಲ್ಲ ಲಸಿಕೆಗಳನ್ನೂ ಹಾಕಿಸಿದ್ದೇವೆ. ಮಗು ಎರಡು ದಿನದಿಂದ ಊಟ ಮಾಡಿಲ್ಲ, ಜೊಲ್ಲು ಸುರಿಸುತ್ತಾ ಅಳುತ್ತಾನೆ. ಇದರ ಜೊತೆಗೆ ನಾದಿನಿ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ, ಒಂಬತ್ತನೇ ತಿಂಗಳು. ಅವಳನ್ನು ಗಂಡನ ಮನೆಗೆ ವಾಪಸ್ ಕಳಿಸಬೇಕೇ? ಔಷಧಿಯೇ ಇಲ್ಲದ ಕಾಯಿಲೆ ಎಂದರೆ ನಾವು ಏನು ಮಾಡುವುದು?

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ತುರ್ತಿನ ವಿಷಯಗಳನ್ನು ನಿಮಗೆ ನೇರವಾಗಿ ತಿಳಿಸಿದ್ದೇನೆ. ಆದರೆ ಪ್ರತಿ ವರ್ಷ ಶಾಲೆ, ಅಂಗನವಾಡಿಗಳು ತೆರೆದು ಮಳೆ ಹಿಡಿದುಕೊಂಡ ಮೇಲೆ ನನ್ನ ಚಿಕಿತ್ಸಾಲಯಕ್ಕೆ ಬರುವ ಎಷ್ಟೋ ತಾಯಂದಿರು ಇವೇ ಪ್ರಶ್ನೆಗಳನ್ನು ಹೊತ್ತು ಬರುತ್ತಾರೆ. ಕಾಯಿಲೆಯ ಹೆಸರು ಹೇಳಿದ ವೈದ್ಯರು ಅದಕ್ಕೆ ಔಷಧಿ ಹೇಳದೆ ಕಳಿಸಿದರೆ ಮನೆಯವರಿಗೆ ಕೈಬಿಟ್ಟಂತೆ ಅನ್ನಿಸುತ್ತದೆ. ಆ ಜಾಗದಲ್ಲಿ ಯಜಮಾನರ ಮಾತು, ಅತ್ತೆಯವರ ಮಾತು, ಮೊಬೈಲಿನ ಮಾತು ಎಲ್ಲವೂ ತುಂಬಿಕೊಳ್ಳುತ್ತವೆ. ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು, ನಿಮ್ಮ ಪತ್ರದ ಕೊನೆಯ ಭಾಗದಲ್ಲಿ ಬಂದ ಒಂದು ಸಾಲು: ಮಗು ಎರಡು ದಿನದಿಂದ ಊಟ ಮಾಡಿಲ್ಲ. ನನಗೆ ಅದೇ ಮುಖ್ಯ. ಈ ಕಾಯಿಲೆಯಲ್ಲಿ ಆಸ್ಪತ್ರೆ ಸೇರಬೇಕಾದ ಮಕ್ಕಳಲ್ಲಿ ನಾನು ಕಂಡ ಹೆಚ್ಚಿನವರು ಸೇರಿದ್ದು ಬಾಯಿಯ ಉರಿಗೆ ಹೆದರಿ ನೀರನ್ನೂ ಕುಡಿಯದೆ ಮೈಯ ನೀರಿನಂಶ ಇಳಿದುಹೋದದ್ದರಿಂದ. ಕೈಕಾಲಿನ ಗುಳ್ಳೆಗಳು ನೋಡಲು ಭಯಂಕರವಾದರೂ ಅವುಗಳಿಂದ ಮಗುವಿಗೆ ಅಪಾಯ ಕಡಿಮೆ. ಗಂಟಲಿನ ಹಿಂಭಾಗದಲ್ಲಿ, ನಾಲಿಗೆಯ ಅಂಚಿನಲ್ಲಿ, ಕೆನ್ನೆಯ ಒಳಮೈಯಲ್ಲಿ ಇರುವ ಸಣ್ಣ ಹುಣ್ಣುಗಳು ಉಗುಳು ನುಂಗಲೂ ಬಿಡುವುದಿಲ್ಲ. ಜೊಲ್ಲು ಸುರಿಯುವುದು ಅದಕ್ಕೇ. ಹಾಗಾಗಿ ದಿನಕ್ಕೆ ಎಷ್ಟು ಗುಳ್ಳೆ ಹೆಚ್ಚಾಯಿತೆಂದು ಲೆಕ್ಕ ಹಾಕುವ ಬದಲು ಮಗು ಎಷ್ಟು ಹೊತ್ತಿಗೊಮ್ಮೆ ಮೂತ್ರ ಮಾಡುತ್ತಿದೆ ಎಂಬುದನ್ನು ನೋಡಿ. ಎಚ್ಚರವಿರುವಾಗ ಆರು ಗಂಟೆಯೊಳಗೆ ಒಮ್ಮೆಯಾದರೂ ಮೂತ್ರವಾಗುತ್ತಿದ್ದರೆ, ಅಳುವಾಗ ಕಣ್ಣೀರು ಬರುತ್ತಿದ್ದರೆ, ನಾಲಿಗೆ ತೇವವಾಗಿದ್ದರೆ, ಊಟ ಬಿಟ್ಟರೂ ನಾಲ್ಕೈದು ದಿನ ಮಗು ತಡೆದುಕೊಳ್ಳುತ್ತದೆ. ತೂಕ ಸ್ವಲ್ಪ ಇಳಿದೀತು, ವಾಸಿಯಾದ ವಾರದಲ್ಲಿ ಮತ್ತೆ ಏರುತ್ತದೆ. ನೀರಿನಂಶಕ್ಕೆ ಅಷ್ಟು ಬಿಡುವು ಇಲ್ಲ.

ಕುಡಿಸುವುದು ಹೇಗೆ? ಲೋಟ ತುಂಬಿಸಿ ಮುಂದಿಟ್ಟರೆ ಮಗು ಮುಖ ತಿರುಗಿಸುತ್ತದೆ. ಚಮಚದಲ್ಲಿಯೋ ಒಳಲೆಯಲ್ಲಿಯೋ ಒಂದೆರಡು ಗುಟುಕು, ಐದು ನಿಮಿಷ ಬಿಟ್ಟು ಮತ್ತೆ ಒಂದೆರಡು ಗುಟುಕು, ಹೀಗೆ ಇಡೀ ದಿನ. ಬಾಟಲಿಯ ರಬ್ಬರ್ ತೊಟ್ಟು ಚೀಪುವಾಗ ಹುಣ್ಣಿಗೆ ಉಜ್ಜುತ್ತದೆ, ಅದು ಬೇಡ. ತಣ್ಣಗಿನದ್ದು ಒಳ್ಳೆಯದು: ಹುಳಿಯಿಲ್ಲದ ಮಜ್ಜಿಗೆ, ಆರಿದ ರಾಗಿ ಅಂಬಲಿ, ಎಳನೀರು, ತಣ್ಣಗಿನ ಹಾಲು, ಗಂಜಿ, ಕಿವುಚಿದ ಬಾಳೆಹಣ್ಣು, ಮೆತ್ತಗೆ ಕಲಸಿದ ಮೊಸರನ್ನ. ಐಸ್‌ಕ್ರೀಂ ಕೊಡಬಹುದೇ ಎಂದು ಹಿಂಜರಿಯುತ್ತಲೇ ಕೇಳುವವರಿದ್ದಾರೆ. ಖಂಡಿತ ಕೊಡಿ. ‘ಜ್ವರದಲ್ಲಿ ತಂಪು ಕೊಟ್ಟರೆ ಶೀತವಾಗುತ್ತದೆ’ ಎಂಬ ಹಿರಿಯರ ಆತಂಕ ಪ್ರೀತಿಯಿಂದ ಬಂದದ್ದು, ಆದರೆ ಈ ವೈರಸ್ ತಂಪಿನಿಂದ ಬಲಗೊಳ್ಳುವುದಿಲ್ಲ, ತಂಪು ತಗುಲಿದಾಗ ಹುಣ್ಣಿನ ನೋವು ಮಾತ್ರ ಇಳಿಯುತ್ತದೆ. ಸಾರು, ಉಪ್ಪಿನಕಾಯಿ, ಕಿತ್ತಳೆ, ಮೋಸಂಬಿ, ನಿಂಬೆ ಪಾನಕ, ಕುರುಕಲು ತಿಂಡಿ ಈ ವಾರ ಬೇಡ. ಓಆರ್‌ಎಸ್ ಕೊಡುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೆಂದು ಮುದ್ರಿಸಿರುವ ಪುಡಿಯನ್ನೇ ತಂದು, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಬಣ್ಣದ ಡಬ್ಬಿಗಳಲ್ಲಿ ಬರುವ ಸಿಹಿ ಪಾನೀಯಗಳು ಅದಕ್ಕೆ ಸಮವಲ್ಲ.

ಊಟಕ್ಕೆ ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್ ಕೊಡುವುದು ನಾನು ಎಲ್ಲರಿಗೂ ಹೇಳಿಕೊಡುವ ಉಪಾಯ. ಜ್ವರ ಇಲ್ಲದಿದ್ದರೂ ಪರವಾಗಿಲ್ಲ, ಇಲ್ಲಿ ಅದನ್ನು ಕೊಡುತ್ತಿರುವುದು ನೋವಿಗೆ. ನೋವು ತಗ್ಗಿದ ಆ ಒಂದೆರಡು ಗಂಟೆಯಲ್ಲಿ ಮಗು ಒಂದಿಷ್ಟು ಕುಡಿಯುತ್ತದೆ, ತಿನ್ನುತ್ತದೆ. ಪ್ರಮಾಣ ಕಿಲೋಗೆ 10ರಿಂದ 15 ಮಿಲಿಗ್ರಾಂ. 13 ಕಿಲೋ ತೂಕದ ನಿಮ್ಮ ಮಗನಿಗೆ ಒಮ್ಮೆಗೆ ಸುಮಾರು 150 ಮಿಲಿಗ್ರಾಂ ಸಾಕು, ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಅಂತರ ಇರಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಇಲ್ಲೊಂದು ಎಚ್ಚರ ಬೇಕು. ಔಷಧಿ ಅಂಗಡಿಯಲ್ಲಿ 5 ಮಿಲಿ ಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತದೆ, 250 ಮಿಲಿಗ್ರಾಂ ಇರುವುದೂ ಸಿಗುತ್ತದೆ, ಎಳೆಮಕ್ಕಳಿಗಾಗಿ ಇನ್ನೂ ಗಟ್ಟಿಯಾದ ಹನಿಗಳೂ ಸಿಗುತ್ತವೆ. ಮೊದಲನೆಯದರಲ್ಲಿ 6 ಮಿಲಿ ಕೊಡಬೇಕಾದರೆ ಎರಡನೆಯದರಲ್ಲಿ 3 ಮಿಲಿ. ಬಾಟಲಿಯ ಮೇಲಿನ ಅಂಕಿ ಓದದೆ, ಹಿಂದಿನ ಸಲ ಕೊಟ್ಟ ‘ಒಂದು ಮುಚ್ಚಳ’ವನ್ನೇ ನೆನಪಿಟ್ಟುಕೊಂಡು ಕೊಡುವುದರಿಂದ ಪ್ರಮಾಣ ತಪ್ಪುವುದನ್ನು ಮತ್ತೆ ಮತ್ತೆ ನೋಡುತ್ತೇನೆ.

ಇನ್ನು ಹಸುವಿನ ವಿಷಯ. ನಿಮ್ಮ ಯಜಮಾನರ ಸಂಶಯ ಅಸಹಜವಲ್ಲ. ಹಸುಗಳಿಗೆ ಕಾಲುಬಾಯಿ ಜ್ವರ ಬಂದಾಗ ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಗುಳ್ಳೆ, ಸುರಿಯುವ ಜೊಲ್ಲು, ಮೇವು ಬಿಡುವುದು ಎಲ್ಲವನ್ನೂ ಹೈನು ಮಾಡುವವರು ಕಣ್ಣಾರೆ ಕಂಡಿರುತ್ತಾರೆ. ಮಗುವಿನಲ್ಲಿಯೂ ಅದೇ ಲಕ್ಷಣ ಕಂಡರೆ ಬೇರೇನು ತೋಚೀತು? ಆದರೆ ಇವೆರಡೂ ಬೇರೆ ಬೇರೆ ವೈರಸ್‌ಗಳಿಂದ ಬರುವ ಬೇರೆ ಬೇರೆ ರೋಗಗಳು. ಹಸುವಿನದು ಆಫ್ತೊವೈರಸ್. ಹಸು, ಎಮ್ಮೆ, ಕುರಿ, ಮೇಕೆ, ಹಂದಿಯಂಥ ಸೀಳುಗೊರಸಿನ ಪ್ರಾಣಿಗಳನ್ನು ಹಿಡಿಯುವುದು ಅದರ ಜಾಯಮಾನ. ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ 1898ರಲ್ಲೇ ಅದರ ಬಗ್ಗೆ ವರದಿ ಮಾಡಿದ್ದರು. ಪ್ರಾಣಿಗಳಿಗೆ ವೈರಸ್‌ನಿಂದ ಬರುವ ರೋಗವೆಂದು ಗೊತ್ತಾದ ಮೊದಲನೆಯದೇ ಅದು. ಇಷ್ಟು ಕಾಲದಲ್ಲಿ ಮನುಷ್ಯರಿಗೆ ಅದು ತಗುಲಿದ್ದು ಅತ್ಯಂತ ವಿರಳ. ನಿಮ್ಮ ಮಗನದು ಎಂಟರೊವೈರಸ್ ಎಂಬ ಗುಂಪಿನದು, ಹೆಚ್ಚಾಗಿ ಕಾಕ್ಸಾಕಿ ಎ16 ಅಥವಾ ಎ6. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ, ಹಸುವಿನ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಮಗ ಹಸುವಿನಿಂದ ತಂದುಕೊಂಡಿಲ್ಲ, ಹಸುವಿಗೆ ಕೊಡುವುದೂ ಇಲ್ಲ. ಹಾಲು ಕರೆಯುವವರು ಕೈಯನ್ನು ಸೋಪಿನಿಂದ ತೊಳೆದು ಕರೆಯಲಿ, ಮಗುವಿನ ಬಾಯಿ ಒರೆಸಿದ ಕೈಯಲ್ಲಿ ಹಾಲಿನ ಕ್ಯಾನು ಮುಟ್ಟದಿರಲಿ, ಮನೆಯಲ್ಲಿ ಕುದಿಸಿದ ಹಾಲನ್ನೇ ಕುಡಿಯಿರಿ. ಇಷ್ಟು ಪಾಲಿಸಿದರೆ ಡೇರಿಗೆ ಹಾಲು ಹಾಕುವುದನ್ನು ನಿಲ್ಲಿಸಬೇಕಾಗಿಲ್ಲ. ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿ ಹಾಕುತ್ತಿದ್ದಾರೆ. ಮಗನ ಕಾಯಿಲೆಗೆ ಅದಕ್ಕೆ ಸಂಬಂಧವಿಲ್ಲದಿದ್ದರೂ ತಪ್ಪಿಸಬೇಡಿ ಎಂದು ಯಜಮಾನರಿಗೆ ಹೇಳಿ.

ಮಗುವಿಗೆ ಎಲ್ಲಿಂದ ಬಂತು ಎಂದರೆ, ಬಹುಮಟ್ಟಿಗೆ ಇನ್ನೊಂದು ಮಗುವಿನಿಂದ. ಈ ವೈರಸ್ ಉಗುಳು, ಮೂಗಿನ ಸಿಂಬಳ, ಗುಳ್ಳೆಯೊಳಗಿನ ನೀರು, ಮಲ ಈ ನಾಲ್ಕರಲ್ಲೂ ಇರುತ್ತದೆ. ಅಂಗನವಾಡಿಯಲ್ಲಿ ಒಬ್ಬ ಬಾಯಿಗಿಟ್ಟ ಆಟಿಕೆ ಇನ್ನೊಬ್ಬನ ಬಾಯಿಗೆ ಹೋಗುತ್ತದೆ. ಒಳಹೊಕ್ಕ ಮೇಲೆ ಮೂರರಿಂದ ಆರು ದಿನಕ್ಕೆ ಜ್ವರ ಕಾಣಿಸುತ್ತದೆ. ಗುಳ್ಳೆ ಏಳುವ ಮೊದಲೇ ಮಗು ಬೇರೆಯವರಿಗೆ ಹಂಚಲು ಆರಂಭಿಸಿರುತ್ತದೆ. ಅದಕ್ಕಾಗಿಯೇ ಯಾವ ಮಗುವಿನಿಂದ ಬಂತೆಂದು ಹುಡುಕಿ ಆ ತಾಯಿಯೊಂದಿಗೆ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ.

ರಕ್ತ ಪರೀಕ್ಷೆ ಮಾಡದೆ ವೈದ್ಯರು ಹೇಗೆ ಹೇಳಿದರು ಎಂದಿದ್ದೀರಿ. ಈ ಕಾಯಿಲೆಯನ್ನು ಕಣ್ಣಿನಿಂದಲೇ ಗುರುತಿಸುವುದು, ಅದು ಅಜಾಗರೂಕತೆಯಲ್ಲ. ಬಾಯಿಹುಣ್ಣು, ಜೊತೆಗೆ ಅಂಗೈ ಅಂಗಾಲುಗಳಲ್ಲಿ ಗುಳ್ಳೆ, ಮೊಣಕಾಲು ಮತ್ತು ಪೃಷ್ಠದ ಮೇಲೂ ದದ್ದು, ಐದು ವರ್ಷದೊಳಗಿನ ಮಗು, ಒಂದೆರಡು ದಿನದ ಜ್ವರ. ಇವೆಲ್ಲ ಒಟ್ಟಿಗೆ ಕಂಡರೆ ಅನುಭವವಿರುವ ವೈದ್ಯರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಗಂಟಲ ದ್ರವ ಅಥವಾ ಮಲವನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿ ಯಾವ ವೈರಸ್ ಎಂದು ನಿಖರವಾಗಿ ತಿಳಿಯಬಹುದು. ಮಗು ತೀವ್ರವಾಗಿ ಬಳಲಿದಾಗ, ಮೆದುಳಿಗೆ ತೊಂದರೆಯಾಗಿರುವ ಶಂಕೆ ಇದ್ದಾಗ, ಅಥವಾ ಒಂದೇ ಊರಲ್ಲಿ ಅನೇಕರಿಗೆ ಬಂದಾಗ ಆರೋಗ್ಯ ಇಲಾಖೆ ಅದನ್ನು ಮಾಡಿಸುತ್ತದೆ. ನಿಮ್ಮ ಮಗನಿಗೆ ಆ ವರದಿ ಬರುವಷ್ಟರಲ್ಲಿ ಕಾಯಿಲೆಯೇ ವಾಸಿಯಾಗಿರುತ್ತದೆ, ವರದಿಯಿಂದ ಚಿಕಿತ್ಸೆ ಬದಲಾಗುವುದೂ ಇಲ್ಲ. ಸಾಮಾನ್ಯ ರಕ್ತ ಪರೀಕ್ಷೆ ಈ ರೋಗವನ್ನು ಹೇಳುವುದೇ ಇಲ್ಲ. ಆದರೆ ಮಳೆಗಾಲದಲ್ಲಿ ಜ್ವರ ಮೂರು ದಿನ ದಾಟಿದರೆ ಡೆಂಗಿ ಇದೆಯೇ ಎಂದು ನೋಡಲು ರಕ್ತ ಪರೀಕ್ಷೆ ಬೇಕಾಗಬಹುದು. ಅದು ಬೇರೆ ಕಾರಣ.

ಅತ್ತೆಯವರ ಮಾತಿಗೆ ಬರೋಣ. ನಮ್ಮಲ್ಲಿ ಜ್ವರದ ಜೊತೆ ಮೈಮೇಲೆ ಏನೇ ಎದ್ದರೂ ‘ಅಮ್ಮ’ ಎನ್ನುವ ರೂಢಿ ಇದೆ. ಆ ಒಂದು ಮಾತಿನಡಿ ದಡಾರ, ಸೀತಾಳೆ ಸಿಡುಬು, ಈಗಿನ ಈ ಕಾಯಿಲೆ ಎಲ್ಲವೂ ಸೇರಿಹೋಗುತ್ತವೆ. ವೈದ್ಯರು ಬಿಡಿಸಿ ನೋಡಲೇಬೇಕು. ಸೀತಾಳೆ ಸಿಡುಬಿನ ಗುಳ್ಳೆ ಎದೆ, ಬೆನ್ನು, ಹೊಟ್ಟೆಯ ಮೇಲೆ ಹೆಚ್ಚು, ವಿಪರೀತ ತುರಿಕೆ. ಒಂದೇ ಹೊತ್ತಿನಲ್ಲಿ ಕೆಲವು ಹೊಸದಾಗಿ ಏಳುತ್ತಿರುತ್ತವೆ, ಕೆಲವು ಒಣಗಿ ಹಕ್ಕಳೆ ಕಟ್ಟಿರುತ್ತವೆ. ದಡಾರದಲ್ಲಿ ಮೊದಲು ಕೆಮ್ಮು, ನೆಗಡಿ, ಕೆಂಗಣ್ಣು, ಏರು ಜ್ವರ, ಆಮೇಲೆ ಕಿವಿಯ ಹಿಂದಿನಿಂದ ಮುಖಕ್ಕೆ, ಮುಖದಿಂದ ಮೈಗೆ ಇಳಿಯುವ ದದ್ದು. ನೀವು ವಿವರಿಸಿರುವುದು ಇವೆರಡಕ್ಕೂ ಹೊಂದುವುದಿಲ್ಲ. ಹಾಸಿಗೆಯ ಬಳಿ ಬೇವಿನ ಸೊಪ್ಪು ಇಡುವುದರಿಂದ ಕೇಡಿಲ್ಲ, ಅತ್ತೆಯವರ ಮನಸ್ಸಿಗೆ ಸಮಾಧಾನವಾಗುವುದಾದರೆ ಇಡಲಿ. ಆದರೆ ಸ್ನಾನ ನಿಲ್ಲಿಸಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಮೀಸಿ, ಒತ್ತಿ ಒರೆಸಿ. ಸ್ನಾನವಿಲ್ಲದೆ ಕೆರೆದುಕೊಂಡ ಗುಳ್ಳೆಗೆ ಬ್ಯಾಕ್ಟೀರಿಯಾ ಸೇರಿ ಕೀವಾಗುವ ಸಂಭವ ಹೆಚ್ಚು. ಗುಳ್ಳೆ ಒಡೆಯುವುದು, ಸೂಜಿ ಚುಚ್ಚುವುದು ಬೇಡ. ಅರೆದ ಬೇವನ್ನು ಒಡೆದ ಗುಳ್ಳೆಗೆ ಹಚ್ಚಿದರೆ ಮಗು ಉರಿಯಿಂದ ಒದ್ದಾಡುತ್ತದೆ. ಬಾಯಿಹುಣ್ಣಿಗೆ ತುಪ್ಪ ಸವರಿದರೆ ನನ್ನ ಅಭ್ಯಂತರವಿಲ್ಲ. ಬಿಳಿಗಾರ ಮಾತ್ರ ಬೇಡವೇ ಬೇಡ. ಜೇನಿನಲ್ಲಿ ತೇಯ್ದು ಎಳೆಮಕ್ಕಳ ನಾಲಿಗೆಗೆ ಹಚ್ಚುವ ಪದ್ಧತಿ ಹಳೆಯದು. ಆದರೆ ಅದು ಹೊಟ್ಟೆಗೆ ಹೋದರೆ ವಾಂತಿ, ಭೇದಿ ತರುತ್ತದೆ, ಹೆಚ್ಚು ಹೋದರೆ ಫಿಟ್ಸ್ ಕೂಡ ಬರುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನೂ ಅಪಾಯವೇ.

ಅತ್ತೆಯವರು ಒಂದು ಮಾತಿನಲ್ಲಿ ಸರಿಯಾಗಿಯೇ ಇದ್ದಾರೆ ಎಂಬುದನ್ನೂ ಹೇಳಬೇಕು. ಈ ಕಾಯಿಲೆಗೆ ಬಹಳಷ್ಟು ಔಷಧಿ ಬೇಕಾಗುವುದಿಲ್ಲ. ಮೊದಲ ವೈದ್ಯರು ಕೊಟ್ಟ ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ ಮದ್ದು, ವೈರಸ್ಸನ್ನು ಅದು ಮುಟ್ಟುವುದಿಲ್ಲ. ಜ್ವರ ಬಂದ ಮೊದಲ ದಿನ ಗುಳ್ಳೆ ಇರುವುದಿಲ್ಲ, ಗಂಟಲು ಕೆಂಪಗಿರುತ್ತದೆ, ಆಗ ಗಂಟಲ ಸೋಂಕೆಂದು ಬರೆದಿರಬಹುದು. ಈಗ ರೋಗ ಯಾವುದೆಂದು ಗೊತ್ತಾಗಿರುವುದರಿಂದ ಮಕ್ಕಳ ವೈದ್ಯರಿಗೆ ಆ ಬಾಟಲಿಯನ್ನು ತೋರಿಸಿ ನಿಲ್ಲಿಸಬಹುದೇ ಎಂದು ಕೇಳಿ. ನನ್ನ ಮುಂದೆ ಬಂದಿದ್ದರೆ ನಿಲ್ಲಿಸುತ್ತಿದ್ದೆ. ಮೊದಲೇ ಏನೂ ತಿನ್ನದ ಮಗುವಿಗೆ ಅದರಿಂದ ಭೇದಿ ಹತ್ತಿಕೊಂಡರೆ ಇನ್ನಷ್ಟು ನೀರು ಹೋಗುತ್ತದೆ. ಗುಳ್ಳೆಗೆ ಕೀವು ತುಂಬಿ, ಸುತ್ತ ಕೆಂಪಾಗಿ ಊದಿಕೊಂಡರೆ ಆ್ಯಂಟಿಬಯಾಟಿಕ್ ಬೇಕಾಗುತ್ತದೆ, ಅದು ಎಲ್ಲರಿಗೂ ಬರುವ ಸ್ಥಿತಿಯಲ್ಲ. ಇನ್ನು ಕೆಲವೆಡೆ ಅಸೈಕ್ಲೊವಿರ್ ಬರೆದುಕೊಡುತ್ತಾರೆ. ‘ವೈರಸ್‌ಗೆ ಔಷಧಿ ಇದೆಯಂತಲ್ಲ, ನಮಗೇಕೆ ಕೊಡಲಿಲ್ಲ’ ಎಂದು ತಂದೆಯೊಬ್ಬರು ನನ್ನ ಮೇಲೆ ಕೋಪಿಸಿಕೊಂಡದ್ದೂ ಉಂಟು. ಅದು ಕೆಲಸ ಮಾಡುವುದು ಹರ್ಪಿಸ್ ಗುಂಪಿನ ವೈರಸ್‌ಗಳ ಮೇಲೆ. ಸೀತಾಳೆ ಸಿಡುಬಿನ ವೈರಸ್ ಆ ಗುಂಪಿನದು. ಎಂಟರೊವೈರಸ್‌ನಲ್ಲಿ ಆ ಔಷಧಿ ಹಿಡಿದುಕೊಳ್ಳುವ ಕೊಂಡಿಯೇ ಇಲ್ಲ.

ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದಂಥ ನೋವಿನ ಸಿರಪ್‌ಗಳನ್ನು ಮಳೆಗಾಲದಲ್ಲಿ, ಅದರಲ್ಲೂ ನೀರು ಸರಿಯಾಗಿ ಕುಡಿಯದ ಮಗುವಿಗೆ, ವೈದ್ಯರನ್ನು ಕೇಳದೆ ಕೊಡಬೇಡಿ. ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ, ನೀರಿನಂಶ ಕಡಿಮೆಯಿದ್ದರೆ ಮೂತ್ರಪಿಂಡಕ್ಕೆ ಹೊರೆ. ಆಸ್ಪಿರಿನ್ ಮಕ್ಕಳಿಗೆ ಬೇಡ. ಬಾಯಿ ಮರಗಟ್ಟಿಸುವ, ಸ್ಯಾಲಿಸಿಲೇಟ್ ಇರುವ ಜೆಲ್‌ಗಳನ್ನು ಈ ವಯಸ್ಸಿನಲ್ಲಿ ನಾನು ಬಳಸುವುದಿಲ್ಲ, ಹಚ್ಚಿದ್ದರಲ್ಲಿ ಅರ್ಧವನ್ನು ಮಗು ನುಂಗಿಬಿಡುತ್ತದೆ. ಬೇಗ ಇಳಿಯಲೆಂದು ಸ್ಟೀರಾಯ್ಡ್ ಕೊಡುವುದಂತೂ ಕೂಡದು.

ಗ್ಲೂಕೋಸ್ ಹಾಕಿಸಿದರೆ ಬೇಗ ಚೇತರಿಸಿಕೊಳ್ಳುತ್ತಾನೆಯೇ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಂಟು ಗಂಟೆಯಾದರೂ ಮೂತ್ರವಾಗಿಲ್ಲ, ಕಣ್ಣು ಗುಳಿಬಿದ್ದಿದೆ, ಕೊಟ್ಟದ್ದನ್ನೆಲ್ಲ ಉಗುಳುತ್ತಾನೆ ಎಂದಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಆಗ ನರದ ಮೂಲಕ ಕೊಡುವ ದ್ರವವೇ ಸರಿಯಾದ ದಾರಿ. ಒಂದು ರಾತ್ರಿಯ ದ್ರವದಲ್ಲಿ ಮಕ್ಕಳು ಮತ್ತೆ ಲವಲವಿಕೆಗೆ ಬರುವುದನ್ನು ನೋಡುವುದೇ ಸಂತೋಷ. ಆದರೆ ಗುಟುಕು ಗುಟುಕಾಗಿ ಕುಡಿಯುತ್ತಿರುವ ಮಗುವಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ಸೂಜಿಯ ನೋವು, ವಾರ್ಡಿನಲ್ಲಿ ಬೇರೆ ಸೋಂಕು ತಗಲುವ ಸಂಭವ, ಇವನಿಂದ ಪಕ್ಕದ ಹಾಸಿಗೆಯ ಕೂಸಿಗೆ ಹರಡುವ ಸಂಭವ, ಇವು ಮಾತ್ರ ಉಳಿಯುತ್ತವೆ.

‘ಟೊಮೆಟೊ ಜ್ವರ’ದ ಸಂದೇಶಕ್ಕೆ ಒಂದು ಹಿನ್ನೆಲೆ ಇದೆ. 2022ರ ಮೇ ತಿಂಗಳಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಅನೇಕ ಪುಟ್ಟ ಮಕ್ಕಳಿಗೆ ದೊಡ್ಡ ಕೆಂಪು ಗುಳ್ಳೆಗಳೊಂದಿಗೆ ಜ್ವರ ಬಂತು. ಜುಲೈ ವೇಳೆಗೆ ಅಲ್ಲಿ ಐದು ವರ್ಷದೊಳಗಿನ 80ಕ್ಕೂ ಹೆಚ್ಚು ಮಕ್ಕಳ ವರದಿ ಬಂದಿತ್ತು. ಹೊಸ ರೋಗವಿರಬಹುದೆಂದು ಆಗ ದೇಶದಾದ್ಯಂತ ಸುದ್ದಿಯಾಯಿತು, ಕೇರಳದ ಗಡಿಯಲ್ಲಿರುವ ನಮ್ಮ ಜಿಲ್ಲೆಗಳಲ್ಲೂ ಆತಂಕ ಹಬ್ಬಿತು. ಕೇರಳ ಪ್ರವಾಸದಿಂದ ಬ್ರಿಟನ್‌ಗೆ ಮರಳಿದ ಇಬ್ಬರು ಮಕ್ಕಳಿಗೆ ಇಂಥದೇ ಗುಳ್ಳೆಗಳು ಎದ್ದಾಗ ಪರೀಕ್ಷೆ ಮಾಡಿದರು. ಸಿಕ್ಕಿದ್ದು ಕಾಕ್ಸಾಕಿ ಎ16, ಅಂದರೆ ಈ ರೋಗದ ಹಳೆಯ ವೈರಸ್ಸೇ. 1957ರಲ್ಲಿ ಕೆನಡಾದ ಟೊರಾಂಟೊದಲ್ಲಿ ಈ ಕಾಯಿಲೆ ಹರಡಿದಾಗ ವೈದ್ಯರು ಇದನ್ನು ವಿವರಿಸಿದ್ದರು, 1959ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹರಡಿದ ಮೇಲೆ ಈಗಿನ ಹೆಸರು ನಿಂತಿತು. ನಮ್ಮ ದೇಶದಲ್ಲಿ 2003ರಲ್ಲಿ ಕೋಯಿಕ್ಕೋಡಿನಿಂದ ವರದಿಯಾದಾಗಿನಿಂದ ಮಕ್ಕಳ ವೈದ್ಯರಿಗೆ ಇದು ಪರಿಚಿತ.

ಎಲ್ಲ ಲಸಿಕೆ ಹಾಕಿಸಿಯೂ ಬಂತಲ್ಲ ಎಂಬ ನಿಮ್ಮ ಬೇಸರ ಅರ್ಥವಾಗುತ್ತದೆ. ನೀವು ಹಾಕಿಸಿದ ಲಸಿಕೆಗಳು ತಮ್ಮ ಕೆಲಸ ಮಾಡಿವೆ. ಈ ರೋಗಕ್ಕೆ ನಮ್ಮ ದೇಶದಲ್ಲಿ ಲಸಿಕೆ ಇಲ್ಲ. ಪೋಲಿಯೊ ವೈರಸ್ ಕೂಡ ಎಂಟರೊವೈರಸ್ಸೇ ಆದರೂ ಪೋಲಿಯೊ ಹನಿ ಇದನ್ನು ತಡೆಯುವುದಿಲ್ಲ. ಚೀನಾದಲ್ಲಿ 2015ರ ಕೊನೆಗೆ ಒಂದು ಲಸಿಕೆಗೆ ಅನುಮತಿ ಸಿಕ್ಕಿತು, ಅದೂ ಎಂಟರೊವೈರಸ್ ಎ71 ಎಂಬ ಒಂದು ಬಗೆಗೆ ಮಾತ್ರ.

ಆ ಎ71 ವಿಷಯವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಇದೇ ಕಾಯಿಲೆ ತರುವ ವೈರಸ್‌ಗಳಲ್ಲಿ ಅದು ಉಗ್ರವಾದದ್ದು, ಕೆಲವು ಮಕ್ಕಳಲ್ಲಿ ಮೆದುಳಿನ ಬುಡಕ್ಕೆ ತಲುಪಿ ಉಸಿರಾಟ ಮತ್ತು ಹೃದಯಕ್ಕೆ ತೊಂದರೆ ಕೊಡುತ್ತದೆ. 1998ರಲ್ಲಿ ತೈವಾನ್‌ನಲ್ಲಿ 78 ಮಕ್ಕಳು ಅದರಿಂದ ತೀರಿಕೊಂಡರು. ನಮ್ಮಲ್ಲಿ ಹೆಚ್ಚಾಗಿ ಕಾಣುತ್ತಿರುವುದು ಎ16 ಮತ್ತು ಎ6, ಇವು ಸೌಮ್ಯ. ಆದರೆ ಯಾವ ಮಗುವಿಗೆ ಯಾವುದು ಬಂದಿದೆ ಎಂದು ಗುಳ್ಳೆ ನೋಡಿ ಹೇಳಲಾಗದು. ಆದ್ದರಿಂದ ಮೊದಲ ಒಂದು ವಾರ ಕೆಲವು ಲಕ್ಷಣಗಳ ಮೇಲೆ ಕಣ್ಣಿಡಬೇಕು. ನಿದ್ದೆ ಹತ್ತುವಾಗ ಮತ್ತೆ ಮತ್ತೆ ಮೈ ಜುಮ್ಮೆಂದು ಬೆಚ್ಚಿಬೀಳುವುದು ಅವುಗಳಲ್ಲಿ ಮುಖ್ಯ. ಒಮ್ಮೆ ಬೆಚ್ಚಿದರೆ ಎಲ್ಲ ಮಕ್ಕಳಂತೆಯೇ, ಕೆಲವೇ ನಿಮಿಷಗಳಲ್ಲಿ ಹಲವು ಸಲವಾದರೆ ಅದು ಬೇರೆ. ನಡೆಯುವಾಗ ತೂರಾಡುವುದು, ಕೈಕಾಲು ನಡುಗುವುದು, ಎಬ್ಬಿಸಿದರೂ ಮಂಕಾಗಿ ಮಲಗುವುದು, ನಿಲ್ಲದ ವಾಂತಿ, ಜ್ವರವಿಲ್ಲದಾಗಲೂ ಏದುಸಿರು, ಕೈಕಾಲು ತಣ್ಣಗಾಗಿ ಬಣ್ಣ ಕೆಡುವುದು, ಫಿಟ್ಸ್, ಮೂರು ದಿನ ದಾಟಿದ ಏರು ಜ್ವರ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ, ಮಕ್ಕಳ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ನಿಮ್ಮಲ್ಲಿಂದ ಹಾಸನ ಹತ್ತಿರ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ನಿಮ್ಮ ಪತ್ರದಲ್ಲಿ ಇಂಥ ಯಾವ ಲಕ್ಷಣವೂ ಇಲ್ಲ, ಅಳುತ್ತಾನೆ ಎಂದಿದ್ದೀರಿ. ಗಟ್ಟಿಯಾಗಿ ಅಳುವ ಮಗುವಿಗಿಂತ ಅಳಲೂ ಆಗದೆ ಸುಮ್ಮನೆ ಬಿದ್ದಿರುವ ಮಗುವಿನ ಬಗ್ಗೆ ನನಗೆ ಹೆಚ್ಚು ಚಿಂತೆ.

ನಾದಿನಿಯ ವಿಷಯದಲ್ಲಿ ಮನೆಯವರೆಲ್ಲ ಕುಳಿತು ಯೋಚಿಸಬೇಕು. ಗರ್ಭಿಣಿಗೆ ಈ ಸೋಂಕು ತಗುಲಿದರೂ ಸಾಮಾನ್ಯವಾಗಿ ಸಣ್ಣ ಜ್ವರ, ಗಂಟಲು ನೋವಿನಲ್ಲಿ ಮುಗಿಯುತ್ತದೆ, ಎಷ್ಟೋ ವಯಸ್ಕರಿಗೆ ಲಕ್ಷಣಗಳೇ ಕಾಣುವುದಿಲ್ಲ. ನಿಜವಾದ ಎಚ್ಚರಿಕೆ ಬೇಕಾದದ್ದು ಹೆರಿಗೆಯ ಆಸುಪಾಸಿನ ದಿನಗಳಲ್ಲಿ. ಆ ಹೊತ್ತಿಗೆ ತಾಯಿಗೆ ಸೋಂಕಿದ್ದರೆ ಹುಟ್ಟಿದ ಕೂಸಿಗೂ ಬರಬಹುದು. ಬಹುತೇಕ ಕೂಸುಗಳಿಗೆ ಅದೂ ಸೌಮ್ಯವೇ, ಆದರೆ ಮೊದಲ ಎರಡು ವಾರದ ಕೂಸುಗಳಲ್ಲಿ ಅಪರೂಪಕ್ಕೆ ಯಕೃತ್ತು, ಹೃದಯ, ಮೆದುಳಿಗೆ ತೊಂದರೆಯಾಗುತ್ತದೆ.

ಗಂಡನ ಮನೆಗೆ ಕಳಿಸುವುದರಿಂದ ಏನಾಗುತ್ತದೆ ಎಂದು ನೋಡಿ. ಇಷ್ಟು ದಿನ ಒಂದೇ ಮನೆಯಲ್ಲಿ ಇದ್ದದ್ದರಿಂದ ವೈರಸ್ ತಗುಲುವುದಿದ್ದರೆ ಈಗಾಗಲೇ ತಗುಲಿರಬಹುದು. ಒಂಬತ್ತನೇ ತಿಂಗಳಲ್ಲಿ ಪ್ರಯಾಣದ ಆಯಾಸ, ಅವಳನ್ನು ನೋಡುತ್ತಿರುವ ಹೆರಿಗೆ ವೈದ್ಯರಿಂದ ದೂರವಾಗುವುದು, ಆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರಿಗೂ ದಾಟಿಸುವ ಸಾಧ್ಯತೆ, ಇವೆಲ್ಲ ಜೊತೆಗೆ ಬರುತ್ತವೆ. ಹತ್ತಿರದಲ್ಲೇ ಬೇರೆ ಮನೆಯ ಅನುಕೂಲವಿದ್ದು, ಅವಳಿಗೂ ಅದೇ ಇಷ್ಟವಿದ್ದರೆ ಹತ್ತು ದಿನ ಅಲ್ಲಿರಲಿ. ಇಲ್ಲವಾದರೆ ಮನೆಯಲ್ಲೇ ಬೇರೆ ಕೋಣೆ ಸಾಕು. ಅವಳು ಮಗುವಿನ ಮೂಗು ಬಾಯಿ ಒರೆಸುವುದು, ಮಲ ತೊಳೆಯುವುದು, ಎಂಜಲು ತಟ್ಟೆ ಎತ್ತುವುದು, ಮುತ್ತಿಡುವುದು ಬೇಡ. ಅವಳ ಲೋಟ, ಟವೆಲ್ಲು ಪ್ರತ್ಯೇಕವಾಗಿರಲಿ. ಇಂದೇ ಅವಳ ಹೆರಿಗೆ ವೈದ್ಯರಿಗೆ ಫೋನ್ ಮಾಡಿ ‘ಮನೆಯಲ್ಲಿ ಮಗುವಿಗೆ ಈ ಕಾಯಿಲೆ ಇದೆ’ ಎಂದು ತಿಳಿಸಿ. ಅವಳಿಗೆ ಜ್ವರವೋ ಗುಳ್ಳೆಯೋ ಕಂಡರೆ ಹೆರಿಗೆಗೆ ಮೊದಲೇ ಹೇಳಿ. ಕೂಸು ಹುಟ್ಟಿದ ಮೇಲೆ ಎದೆಹಾಲು ನಿಲ್ಲಿಸಬೇಕಾಗಿಲ್ಲ. ಕೂಸು ಹಾಲು ಕುಡಿಯದೆ ಮಂಕಾದರೆ, ಮೈ ಬಿಸಿಯಾದರೆ ಅಥವಾ ತೀರಾ ತಣ್ಣಗಾದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ. ನಿಮ್ಮ ಮಗ ವಾಸಿಯಾದ ಮೇಲೂ ಅವನ ಮಲದಲ್ಲಿ ಹಲವು ವಾರ ವೈರಸ್ ಇರುತ್ತದೆ. ಕೂಸನ್ನು ದೂರದಿಂದ ನೋಡಲಿ, ಮುಟ್ಟಿ ಮುದ್ದಾಡುವುದನ್ನು ತಿಂಗಳು ಒಂದೂವರೆ ತಿಂಗಳು ಮುಂದಕ್ಕೆ ಹಾಕಿ. ಇದನ್ನೆಲ್ಲ ಹೇಳುವಾಗ ಮಗುವಿಗೆ ತಾನೇನೋ ತಪ್ಪು ಮಾಡಿದೆನೆಂದು ಅನ್ನಿಸದ ಹಾಗೆ ನೋಡಿಕೊಳ್ಳಿ. ‘ಹತ್ತಿರ ಬರಬೇಡ’ ಎಂಬ ಮಾತನ್ನು ನಾಲ್ಕು ಜನ ನಾಲ್ಕು ಸಲ ಹೇಳಿದರೆ ಮೂರು ವರ್ಷದ ಮನಸ್ಸಿಗೆ ಅದು ಗುಳ್ಳೆಗಿಂತ ಹೆಚ್ಚು ನೋಯುತ್ತದೆ.

ಮನೆಯ ಉಳಿದವರಿಗೆ ಹರಡದಂತೆ ತಡೆಯಲು ಸೋಪು ಮತ್ತು ನೀರಿಗಿಂತ ಒಳ್ಳೆಯದಿಲ್ಲ. ಕೊರೊನಾ ಕಾಲದಲ್ಲಿ ರೂಢಿಯಾದ ಸ್ಯಾನಿಟೈಸರ್ ಇಲ್ಲಿ ಅಷ್ಟು ಪ್ರಯೋಜನಕ್ಕೆ ಬಾರದು. ಕೊರೊನಾ ವೈರಸ್‌ಗೆ ಕೊಬ್ಬಿನ ಹೊದಿಕೆ ಇತ್ತು, ಆಲ್ಕೋಹಾಲ್ ಅದನ್ನು ಕರಗಿಸುತ್ತಿತ್ತು. ಈ ವೈರಸ್‌ಗೆ ಆ ಹೊದಿಕೆಯೇ ಇಲ್ಲ. ಮಗುವಿನ ಮಲವನ್ನು ಶೌಚಾಲಯಕ್ಕೇ ಹಾಕಿ, ತಿಪ್ಪೆಗೆ ಬೇಡ. ಆಟಿಕೆಗಳನ್ನು ಸೋಪಿನಿಂದ ತೊಳೆದು, ಒಂದು ಲೀಟರ್ ನೀರಿಗೆ 15–20 ಮಿಲಿ ಮನೆಬಳಕೆಯ ಬ್ಲೀಚ್ ದ್ರವ ಬೆರೆಸಿ ಅದರಲ್ಲಿ ಒರೆಸಿ, ಆಮೇಲೆ ಚೆನ್ನಾಗಿ ತೊಳೆದು ಬಿಸಿಲಿಗೆ ಇಡಿ.

ಅಂಗನವಾಡಿಗೆ ಜ್ವರ ಹೋಗಿ, ಜೊಲ್ಲು ನಿಂತು, ಗುಳ್ಳೆಗಳು ಒಣಗಿದ ಮೇಲೆ ಕಳಿಸಿ. ಸಾಮಾನ್ಯವಾಗಿ ಒಂದು ವಾರ ಸಾಕು. ಮಲದಲ್ಲಿ ವೈರಸ್ ಇದೆಯೆಂದು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಲಾಗದು. ಈಗಲೇ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿದರೆ ಬೇರೆ ಮಕ್ಕಳ ಮೇಲೆ ಅವರು ನಿಗಾ ಇಡುತ್ತಾರೆ. ಹಾಗೆಯೇ, ಒಮ್ಮೆ ಬಂದ ಮಾತ್ರಕ್ಕೆ ಮತ್ತೆ ಬರುವುದಿಲ್ಲ ಎಂದುಕೊಳ್ಳಬೇಡಿ. ಈ ರೋಗ ತರುವ ವೈರಸ್‌ಗಳು ಹಲವು, ಒಂದರ ಪ್ರತಿರೋಧ ಶಕ್ತಿ ಇನ್ನೊಂದನ್ನು ತಡೆಯುವುದಿಲ್ಲ.

ಏಳರಿಂದ ಹತ್ತು ದಿನದಲ್ಲಿ ಮಗ ಮೊದಲಿನಂತಾಗುತ್ತಾನೆ. ಗುಳ್ಳೆಗಳಿಂದ ಕಲೆ ಉಳಿಯುವುದಿಲ್ಲ. ಆದರೆ ನಂತರದ ಒಂದೆರಡು ವಾರದಲ್ಲಿ ಅಂಗೈ ಅಂಗಾಲಿನ ಚರ್ಮ ಸುಲಿಯಬಹುದು. ತಿಂಗಳು, ಎರಡು ತಿಂಗಳಾದ ಮೇಲೆ ಕೈಕಾಲಿನ ಕೆಲವು ಉಗುರುಗಳು ಬುಡದಿಂದ ಸಡಿಲಗೊಂಡು ಉದುರಲೂಬಹುದು. ಎ6 ಬಗೆಯಲ್ಲಿ ಇದು ಹೆಚ್ಚು, 2008ರಲ್ಲಿ ಫಿನ್‌ಲೆಂಡ್‌ನಲ್ಲಿ ಈ ಕಾಯಿಲೆ ಹರಡಿದಾಗ ವೈದ್ಯರ ಗಮನ ಸೆಳೆದದ್ದೇ ಉದುರುವ ಉಗುರುಗಳು. ಆಗ ಜ್ವರದ ನೆನಪೇ ಹೋಗಿರುವುದರಿಂದ ತಾಯಂದಿರು ಗಾಬರಿಯಿಂದ ಓಡಿ ಬರುತ್ತಾರೆ, ಕ್ಯಾಲ್ಸಿಯಂ ಕಡಿಮೆಯೆಂದು ಯಾರೋ ಟಾನಿಕ್ ಕೊಡಿಸಿರುತ್ತಾರೆ. ಅದರ ಅಗತ್ಯವಿಲ್ಲ, ನೋವೂ ಇರುವುದಿಲ್ಲ. ಸಡಿಲಗೊಂಡ ಉಗುರನ್ನು ಎಳೆಯದೆ ಅಂಚನ್ನು ಕತ್ತರಿಸಿ ಬಿಡಿ, ಅಡಿಯಿಂದ ಹೊಸ ಉಗುರು ಬರುತ್ತಿರುತ್ತದೆ.